ಈ ಕಾರ್ಡ್ ಮಾರಾಟಕ್ಕಿಲ್ಲ

ನಮ್ಮ ಕ್ಯಾಂಪಸ್‌ನಲ್ಲಿ ಯಾರಾದರೂ ಕೈಯಾರೆ ಏನಾದರೂ ಮಾಡಿ ತೋರಿಸಿದರೆ ಬರೋ ಮೊದಲ ಮಾತು "ಸೂಪರ್ ಗುರು!" ಎರಡನೇ ಮಾತು "ಪೇಜ್ ಓಪನ್ ಮಾಡು, ಚೆನ್ನಾಗಿ ಸೇಲ್ ಆಗುತ್ತೆ." ಕೇಕ್ ಮಾಡಿದರೂ ಇದೇ, ಕ್ರೋಶೆ ಕೀಚೈನ್ ಮಾಡಿದರೂ ಇದೇ, ರೆಕಾರ್ಡ್ ಬುಕ್‌ನ ಹಿಂದಿನ ಪುಟದಲ್ಲಿ ಡೂಡಲ್ ಬರೆದರೂ ಇದೇ. ಹವ್ಯಾಸ ಅಂದರೆ ಈಗ ಇನ್ನೂ ರಿಜಿಸ್ಟರ್ ಆಗದ ಸ್ಟಾರ್ಟಪ್ ಅಂತ ಅರ್ಥ ಆಗಿಬಿಟ್ಟಿದೆ.

ನಾನು ಹೇಳೋಕೆ ಹೊರಟಿರೋದು ಇದರ ವಿರುದ್ಧದ ಮಾತು. ಕೆಲವು ವಸ್ತುಗಳನ್ನ ನಾವು ವಿದ್ಯಾರ್ಥಿಗಳು ಮಾರಬಾರದು, ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳಬೇಕು. ಉದಾಹರಣೆಗೆ ಒಂದು ಪುಟ್ಟ ವಸ್ತುವನ್ನೇ ತಗೊಂಡಿದೀನಿ: ಇಸ್ಪೀಟ್ ಎಲೆಯಷ್ಟೇ ದೊಡ್ಡದಾದ, ಮೇಲೆ ಸೂಜಿ ದಾರದಲ್ಲಿ ವಸಂತದ ಹೂವು ಹೊಲಿದಿರುವ ಕಾರ್ಡ್. ಮುಂದಿನ ಫೆಸ್ಟ್ ಯುಗಾದಿ ಆಸುಪಾಸಿನಲ್ಲೇ ಬರ್ತಿರೋದರಿಂದ ಕೊನೆಯಲ್ಲಿ ಒಂದು ಪ್ರಪೋಸಲ್ ಕೂಡ ಇದೆ.

ಈ ಕಾರ್ಡಿಗೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಅಂತ ಹೆಸರು. ಚಿಕ್ಕದಾಗಿ ಎಟಿಸಿ. (ವಿಮಾನ ಇಳಿಸೋ ಎಟಿಸಿ ಬೇರೆ.) ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಅಂದರೆ 64 ಮಿಲಿಮೀಟರ್ × 89 ಮಿಲಿಮೀಟರ್. ಒಂದು ಎ4 ಹಾಳೆಯಲ್ಲಿ 9 ಕಾರ್ಡ್ ಕತ್ತರಿಸಬಹುದು. ಬಣ್ಣ, ಕಾಗದ, ಬಟ್ಟೆ, ಕೊಲಾಜ್, ಏನು ಬೇಕಾದರೂ ಬಳಸಬಹುದು. ಬದಲಾಯಿಸಬಾರದ ನಿಯಮ ಎರಡೇ. ಅಳತೆ ಮೀರಬಾರದು, ದುಡ್ಡಿಗೆ ಮಾರಬಾರದು.

ಇದನ್ನ ಶುರು ಮಾಡಿದ್ದು ಸ್ಟಿರ್ನೆಮಾನ್ ಎಂಬ ಸ್ವಿಸ್ ಕಲಾವಿದ. 1997ರಲ್ಲಿ ಜ್ಯೂರಿಕ್ ನಗರದಲ್ಲಿ ತಾನೇ ಮಾಡಿದ 1,200 ಕಾರ್ಡುಗಳ ಪ್ರದರ್ಶನ ಇಟ್ಟ. ನೋಡೋಕೆ ಬಂದವರಿಗೆ ಅವು ಬೇಕು ಅನ್ನಿಸಿದರೆ ಒಂದೇ ದಾರಿ: ನೀವೂ ಇದೇ ಅಳತೆಯ ಕಾರ್ಡ್ ಮಾಡ್ಕೊಂಡು ಬನ್ನಿ, ನಂದು ತಗೊಳ್ಳಿ, ನಿಮ್ಮದು ಕೊಡಿ. ಪ್ರದರ್ಶನದ ಕೊನೇ ದಿನ ಮೊದಲ ವಿನಿಮಯ ನಡೆಯಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಗ್ಯಾಲರಿಗೆ ಹೋದರೆ ನಾವು ಬರೀ ನೋಡುಗರು, ಅಂಗಡಿಗೆ ಹೋದರೆ ಬರೀ ಗಿರಾಕಿಗಳು. ಆದರೆ ಈ ಮೇಜಿನ ಹತ್ತಿರ ಬರಬೇಕು ಅಂದರೆ ನಾವೂ ಒಂದು ಕಾರ್ಡ್ ಮಾಡಿರಲೇಬೇಕು. ಎಂಟ್ರಿ ಫೀಸೇ ಕೆಲಸ.

ಕೆಲವೇ ವರ್ಷಗಳಲ್ಲಿ ಇದು ಬೇರೆ ದೇಶಗಳಿಗೂ ಹರಡಿತು. ಆಮೇಲೆ ಮಾರುವವರೂ ಬಂದರು. ಅದೇ ಅಳತೆಯ ಕಾರ್ಡನ್ನ ಇಬೇಯಲ್ಲಿ ಮಾರೋಕೆ ಶುರು ಮಾಡಿದಾಗ ಅದಕ್ಕೆ ಎಸಿಇಒ ಅಂತ ಬೇರೆ ಹೆಸರೇ ಇಡಬೇಕಾಯ್ತು. ಮಾರಿದರೆ ಅದು ಎಟಿಸಿ ಅಲ್ಲ ಅನ್ನೋದು ಅಷ್ಟು ಗಟ್ಟಿಯಾಗಿ ಕೂತಿತ್ತು.

ಈಗ ಕಸೂತಿ ಕಾರ್ಡಿಗೆ ಬರೋಣ. ಮಾಡೋ ರೀತಿ ಸರಳ. ಒಂದು ಹತ್ತಿ ಬಟ್ಟೆ ತುಂಡನ್ನ ಪುಟ್ಟ ಫ್ರೇಮಿಗೆ ಬಿಗಿದು, ಪೆನ್ಸಿಲ್‌ನಲ್ಲಿ 64 × 89ರ ಚೌಕಟ್ಟು ಗುರುತು ಮಾಡಿ, ಅದರೊಳಗೆ ಹೊಲಿಯಬೇಕು. ಮುಗಿದ ಮೇಲೆ ದಪ್ಪ ಕಾರ್ಡ್‌ಬೋರ್ಡಿಗೆ ಸುತ್ತಿ, ಅಂಚಿನ ಸುತ್ತ ಬ್ಲಾಂಕೆಟ್ ಸ್ಟಿಚ್ ಹಾಕಿದರೆ ಕಾರ್ಡ್ ರೆಡಿ. ಅಂಗಡಿಯಲ್ಲಿ ಸಿಗುವ ಎಂಬ್ರಾಯ್ಡರಿ ದಾರದ ಲಚ್ಚಿ ಸುಮಾರು 8 ಮೀಟರ್ ಇರುತ್ತೆ, ಮತ್ತು ಆ ಒಂದು ದಾರದೊಳಗೆ 6 ಎಳೆ ಇರುತ್ತವೆ. ಇಷ್ಟು ಚಿಕ್ಕ ಕಾರ್ಡಿಗೆ ಒಂದು ಅಥವಾ ಎರಡು ಎಳೆ ಬಿಡಿಸಿಕೊಂಡು ಹೊಲಿದರೆ ಸಾಕು. ಆರೂ ಎಳೆ ಹಾಕಿದರೆ ಹೂವು ಹೂಕೋಸಿನ ಥರ ಕಾಣುತ್ತೆ.

ವಸಂತದ ಹೂವು ಅಂದ ತಕ್ಷಣ ಇಂಟರ್ನೆಟ್ ತೋರಿಸೋದು ಜಪಾನಿನ ಚೆರ್ರಿ. ಕೊಂಬೆಗೆ ಕಂದು ದಾರದ ಸ್ಟೆಮ್ ಸ್ಟಿಚ್, ದಳಕ್ಕೆ ತಿಳಿ ಗುಲಾಬಿಯ ಲೇಜಿ ಡೇಸಿ ಅಥವಾ ಸ್ಯಾಟಿನ್ ಸ್ಟಿಚ್, ಮಧ್ಯದ ಕೇಸರಕ್ಕೆ ಸೂಜಿಗೆ ಎರಡು ಸುತ್ತು ದಾರ ಸುತ್ತಿ ಎಳೆಯುವ ಫ್ರೆಂಚ್ ನಾಟ್. ಕೇಳೋಕೆ ಇಷ್ಟೇ. ಹೊಲಿಯೋಕೆ ಕೂತರೆ ಗೊತ್ತಾಗುತ್ತೆ, ಚೆರ್ರಿ ದಳದ ತುದಿಯಲ್ಲಿ ಒಂದು ಪುಟ್ಟ ಸೀಳು ಇರುತ್ತೆ, ಪ್ಲಮ್ ದಳದ ತುದಿ ಗುಂಡಗಿರುತ್ತೆ. ಆ ಸೀಳು ಬಿಟ್ಟರೆ ನೀವು ಹೊಲಿದದ್ದು ಬೇರೆ ಮರದ ಹೂವು. ಫೋಟೋ ತೆಗೆಯುವವರಿಗೆ ಈ ವ್ಯತ್ಯಾಸ ಕಾಣದೇ ಇರಬಹುದು, ಹೊಲಿಯುವವರಿಗೆ ಕಾಣದೇ ಇರೋಕೆ ಸಾಧ್ಯವೇ ಇಲ್ಲ. ಅರ್ಧ ಸೆಂಟಿಮೀಟರ್ ದಳವೊಂದರ ಮುಂದೆ ಹತ್ತು ನಿಮಿಷ ಕೂತಿರ್ತೀವಲ್ಲ, ಅದಕ್ಕೆ.

ಚಿಕ್ಕ ಅಳತೆಯಲ್ಲಿ ಡಿಸೈನ್ ಮಾಡೋ ಕಷ್ಟ ನಮ್ಮ ಓದಿನವರಿಗೆ ಹೊಸದಲ್ಲ. ಪಿಸಿಬಿ ಲೇಔಟ್ ಮಾಡಿದವರನ್ನ ಕೇಳಿ. ಜಾಗ ಇಷ್ಟೇ, ದಾರದ ದಪ್ಪ ಇಷ್ಟೇ, ಬಟ್ಟೆಯಲ್ಲಿ ಒಂದೇ ಕಡೆ ನಾಲ್ಕು ಸಲ ಚುಚ್ಚಿದರೆ ತೂತು ದೊಡ್ಡದಾಗುತ್ತೆ. ಇಷ್ಟರಲ್ಲಿ ಮರ ತೋರಿಸಬೇಕಾ, ಕೊಂಬೆ ಸಾಕಾ, ಒಂದೇ ಹೂವು ಸಾಕಾ? ಏನನ್ನ ಬಿಡಬೇಕು ಅಂತ ತೀರ್ಮಾನ ಮಾಡೋದರಲ್ಲೇ ಅರ್ಧ ಕೆಲಸ ಮುಗಿಯುತ್ತೆ.

ಉಳಿದರ್ಧ ಸಮಯದ್ದು. ಇಲ್ಲೇ ನನ್ನ ವಾದ ಶುರುವಾಗೋದು.

ಒಂದು ಕಸೂತಿ ಕಾರ್ಡಿಗೆ, ಅಭ್ಯಾಸ ಇರುವವರಿಗೂ, ಸುಮಾರು 4 ಗಂಟೆ ಹಿಡಿಯುತ್ತೆ ಅಂತ ಇಟ್ಕೊಳ್ಳಿ. ಬಟ್ಟೆ, ದಾರ, ಬೋರ್ಡ್ ಎಲ್ಲ ಸೇರಿ 30 ರೂಪಾಯಿ. ನಿಮ್ಮ ಒಂದು ಗಂಟೆಗೆ ಬರೀ 100 ರೂಪಾಯಿ ಬೆಲೆ ಕಟ್ಟಿದರೂ ಕಾರ್ಡಿನ ಬೆಲೆ 430 ರೂಪಾಯಿ ಆಗಬೇಕು. ಈಗ ಫೆಸ್ಟ್ ಸ್ಟಾಲ್ ಒಂದರಲ್ಲಿ 430 ರೂಪಾಯಿ ಬೋರ್ಡ್ ಹಾಕಿ ನೋಡಿ. "ಇಷ್ಟು ಚಿಕ್ಕದಕ್ಕಾ?" ಅಂತಾರೆ. ಹೋದ ವರ್ಷ ಒಂದು ಫೆಸ್ಟ್‌ನಲ್ಲಿ ನನ್ನ ಫ್ರೆಂಡ್ ಇಂಥದೇ ಕಾರ್ಡಿಗೆ 60 ರೂಪಾಯಿ ಹೇಳಿದಾಗ, ಕೈಯಲ್ಲಿ 180 ರೂಪಾಯಿ ಕೋಲ್ಡ್ ಕಾಫಿ ಹಿಡಿದ ಒಬ್ಬರು 40ಕ್ಕೆ ಕೊಡ್ತೀರಾ ಅಂತ ಕೇಳಿದ್ರು. ಅವಳು ಕೊಟ್ಟಳು. ಲೆಕ್ಕ ಹಾಕಿ: 40ರಲ್ಲಿ ಸಾಮಾನಿನ ಖರ್ಚು 30 ಹೋದರೆ ಉಳಿದದ್ದು 10, ಅದನ್ನ 4 ಗಂಟೆಗೆ ಹಂಚಿದರೆ ಗಂಟೆಗೆ ಎರಡೂವರೆ ರೂಪಾಯಿ.

"ಅವಳಿಗೆ ಖುಷಿ ಆಯ್ತಲ್ಲ, ಬಿಡಿ" ಅನ್ನಬಹುದು. ಅವಳಿಗೆ ಖುಷಿ ಆಗಿದ್ದು ನಿಜ. ಆದರೆ ಆ 40 ರೂಪಾಯಿ ಅವಳೊಬ್ಬಳಿಗೇ ಸೇರಿದ ವಿಷಯ ಅಲ್ಲ. ಕೈ ಕಸೂತಿ ಅಂದರೆ ಇಷ್ಟೇ ಬೆಲೆ ಅಂತ ಆ ಕೋಲ್ಡ್ ಕಾಫಿ ಮನುಷ್ಯನ ತಲೆಯಲ್ಲಿ ಒಂದು ರೇಟ್ ಕೂತುಬಿಡುತ್ತೆ. ನಾಳೆ ಅವರು ಒಂದು ಕರಕುಶಲ ಮೇಳಕ್ಕೆ ಹೋಗಿ, ಇದನ್ನೇ ಹೊಟ್ಟೆಪಾಡಿಗೆ ಮಾಡುವ ಹೆಂಗಸಿನ ಮುಂದೆ ನಿಂತು, ಅದೇ ರೇಟ್ ಹಿಡ್ಕೊಂಡು ಚೌಕಾಸಿ ಮಾಡ್ತಾರೆ.

ಆ ಹೆಂಗಸು ಯಾರು ಅಂತ ನಮಗೆ ಕನ್ನಡದವರಿಗೆ ಗೊತ್ತಿರಬೇಕು. ಧಾರವಾಡ ಭಾಗದ ಕಸೂತಿಗೆ ಜಿಐ ಟ್ಯಾಗ್ ಇದೆ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆ, ಕಮಲ ಮೂಡಿಸುವ ಕೆಲಸ. ಅದರಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಹಳೇ ಪದ್ಧತಿಯಲ್ಲಿ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳೋ ಹಾಗಿಲ್ಲ. ನೇಯ್ಗೆಯ ಎಳೆಗಳನ್ನ ಕಣ್ಣಲ್ಲೇ ಎಣಿಸಿ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕೋ ಹಾಗೂ ಇಲ್ಲ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಗವಂತಿ ಅಂದರೆ ಒಂದು ಸಲ ಎಳೆ ಬಿಟ್ಟು ಬಿಟ್ಟು ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ಬಿಟ್ಟ ಜಾಗ ತುಂಬೋದು. ಎಲ್ಲೂ ದಾರ ತುಂಡಾಗದೆ ಇಡೀ ಚಿತ್ರ ಸುತ್ತಿ ಹೊರಟ ಜಾಗಕ್ಕೇ ಬರಬೇಕು. ನಾವು ಗ್ರಾಫ್ ಥಿಯರಿಯಲ್ಲಿ ಓದುವ ಯೂಲರ್ ಸರ್ಕ್ಯೂಟ್ ಲೆಕ್ಕವನ್ನ ಅವರು ಪೆನ್ನು ಪೇಪರ್ ಇಲ್ಲದೆ ಮನಸ್ಸಲ್ಲೇ ಮಾಡ್ತಾರೆ. ಇಂಥ ಕೆಲಸದ ಬೆಲೆಯನ್ನ, ನಾವು ಟೈಂಪಾಸ್‌ಗೆ ಮಾಡಿ, 40 ರೂಪಾಯಿಗೆ ಕೊಟ್ಟು, ಕೆಳಗೆ ಎಳೀತಿದೀವಿ. ನಮಗೆ ಮೆಸ್ ಬಿಲ್ ಕಟ್ಟೋಕೆ ಅಪ್ಪ ಇದ್ದಾರೆ. ಅವರಿಗೆ ಸೂಜಿಯೇ ಮೆಸ್ ಬಿಲ್.

ಅದಕ್ಕೇ ನಾನು ಹೇಳೋದು, ಮಾರೋದಾದರೆ ಪೂರ್ತಿ ಬೆಲೆಗೆ ಮಾರಿ. ಅದು ಆಗೋದಿಲ್ಲ ಅಂದರೆ ಮಾರಲೇಬೇಡಿ. 4 ಗಂಟೆಗೆ ಪ್ರತಿಯಾಗಿ ಇನ್ನೊಬ್ಬರ 4 ಗಂಟೆ ತಗೊಳ್ಳಿ. ಅದರಲ್ಲಿ ಯಾರ ರೇಟೂ ಕೆಡೋದಿಲ್ಲ, ನಿಮ್ಮ ಸಮಯಕ್ಕೂ ಅವಮಾನ ಆಗೋದಿಲ್ಲ.

ಮಾರದೇ ಇರುವ ಹೂವಿನ ಬಗ್ಗೆ ಒಂದು ಹಳೇ ಕಥೆ ಇದೆ, ಇಂಜಿನಿಯರಿಂಗ್ ಓದುವವರಿಗೆ ಇಷ್ಟವಾಗುವಂಥದ್ದು. ನೀಲಿ ಆಕಾಶದ ಎದುರು ಬಿಳಿ ಹೂವಿನ ಬಾದಾಮಿ ಕೊಂಬೆಗಳಿರುವ ವ್ಯಾನ್ ಗೋನ ಚಿತ್ರವನ್ನ ನೀವೆಲ್ಲ ನೋಡಿರ್ತೀರಿ. ಅರ್ಧ ಕ್ಲಾಸಿನ ಫೋನ್ ಕವರ್ ಮೇಲೆ ಅದೇ ಇದೆ. ಎಂಬ್ರಾಯ್ಡರಿ ಕಾರ್ಡ್ ಮಾಡುವವರಿಗೂ ಅದು ಅಚ್ಚುಮೆಚ್ಚು. 1890ರ ಜನವರಿ ಕೊನೆಯಲ್ಲಿ ಅವನ ತಮ್ಮ ಥಿಯೋಗೆ ಮಗ ಹುಟ್ಟಿದ, ದೊಡ್ಡಪ್ಪನ ಹೆಸರನ್ನೇ ಇಟ್ಟರು. ಆಗ ಆಸ್ಪತ್ರೆಯಲ್ಲಿದ್ದ ವ್ಯಾನ್ ಗೋ ಆ ಮಗುವಿಗೆ ಉಡುಗೊರೆ ಅಂತ ಬರೆದ ಚಿತ್ರ ಅದು. ಬಾದಾಮಿ ಮರ ವಸಂತಕ್ಕೆ ಎಲ್ಲಕ್ಕಿಂತ ಮುಂಚೆ ಹೂ ಬಿಡುತ್ತೆ, ಹುಟ್ಟಿದ ಮಗುವಿಗೆ ಅದಕ್ಕಿಂತ ಸರಿಯಾದ ಹೂವು ಇಲ್ಲ. ಅದೇ ವರ್ಷ ಜುಲೈನಲ್ಲಿ ವ್ಯಾನ್ ಗೋ ತೀರಿಕೊಂಡ, ಮರುವರ್ಷ ಥಿಯೋ ಕೂಡ. ಥಿಯೋನ ಹೆಂಡತಿ ಜೋ ಮುಂದೆ ವ್ಯಾನ್ ಗೋನ ಬೇರೆ ಅನೇಕ ಚಿತ್ರಗಳನ್ನ ಮಾರಿದರು. ಈ ಚಿತ್ರ ಮಾತ್ರ ಮನೆಯಲ್ಲೇ ಉಳಿಯಿತು. ಆ ಮಗು ದೊಡ್ಡದಾಗಿ ಡೆಲ್ಫ್ಟ್‌ನಲ್ಲಿ ಮೆಕ್ಯಾನಿಕಲ್ ಓದಿ ಇಂಜಿನಿಯರ್ ಆದ. ಕುಟುಂಬದಲ್ಲಿ ಉಳಿದಿದ್ದ ಚಿತ್ರಗಳು ಹರಿದು ಹಂಚಿಹೋಗದ ಹಾಗೆ ನೋಡಿಕೊಂಡವನು, 1973ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ವ್ಯಾನ್ ಗೋ ಮ್ಯೂಸಿಯಂ ತೆರೆಯೋಕೆ ಕಾರಣನಾದವನು ಅವನೇ. ಬಾದಾಮಿ ಹೂವು ಈಗ ಅಲ್ಲೇ ಇದೆ, ಯಾರು ಬೇಕಾದರೂ ಹೋಗಿ ನೋಡಬಹುದು.

ಸರಿ, ಈಗ ನೀವು ಕೇಳಬಹುದಾದ ಪ್ರಶ್ನೆಗಳು. ನಾನು ಇದನ್ನ ಹಾಸ್ಟೆಲ್‌ನಲ್ಲಿ ಹೇಳಿದಾಗ ಬಂದವೇ ಇವು.

ಮೊದಲನೆಯದು, "ನಿಜವಾಗಲೂ ದುಡ್ಡು ಬೇಕಾಗಿರುವವರು ಏನು ಮಾಡಬೇಕು?" ನ್ಯಾಯವಾದ ಪ್ರಶ್ನೆ. ಫೀಸ್ ಕಟ್ಟೋಕೆ, ಮನೆಗೆ ಕಳಿಸೋಕೆ ಕೈ ಕೆಲಸ ಮಾರುವವರು ನಮ್ಮ ಮಧ್ಯೆಯೂ ಇದ್ದಾರೆ. ಅವರು ಮಾರಲಿ, ಆದರೆ ಆ 430ರ ಲೆಕ್ಕದಲ್ಲೇ ಮಾರಲಿ. ಪಕ್ಕದ ಸ್ಟಾಲ್‌ನಲ್ಲಿ ಶೋಕಿಗೆ 40ಕ್ಕೆ ಕೊಡೋರು ಇಲ್ಲದಿದ್ದರೆ ಅವರಿಗೇ ಅನುಕೂಲ. ಬದಲಾಯಿಸಿಕೊಳ್ಳೋ ಮೇಜು ಅವರ ವಿರುದ್ಧ ಇಲ್ಲ, ಅವರ ಪರವಾಗಿದೆ.

ಎರಡನೆಯದು, "ನಾನು 6 ಗಂಟೆ ಕೂತು ಮಾಡಿದ್ದಕ್ಕೆ ಇನ್ನೊಬ್ಬ ಅರ್ಧ ಗಂಟೆಯಲ್ಲಿ ನಾಲ್ಕು ಹೊಲಿಗೆ ಹಾಕಿ ತಂದರೆ?" ಆಗಬಹುದು. ಇಷ್ಟವಿಲ್ಲದಿದ್ದರೆ ನೀವು ಬದಲಾಯಿಸಬೇಕಾಗಿಲ್ಲ, ಅಷ್ಟೇ. ಆದರೆ ಮೊದಲ ಸಲ ಸೂಜಿ ಹಿಡಿದವನ ನಾಲ್ಕು ಹೊಲಿಗೆ, ಎರಡು ಸಲ ಬಿಚ್ಚಿ, ಬೆರಳು ಚುಚ್ಚಿಕೊಂಡು ಹಾಕಿದ ನಾಲ್ಕು ಹೊಲಿಗೆ, ಅದು ಕೆಟ್ಟ ಡೀಲ್ ಅಂತ ನನಗೇನೂ ಅನ್ನಿಸಲ್ಲ. ಮುಂದಿನ ವರ್ಷ ಅವನೇ ಒಳ್ಳೇ ಕಾರ್ಡ್ ತರ್ತಾನೆ.

ಮೂರನೆಯದು, "ಎಐಗೆ ಹೇಳಿದರೆ ಎರಡು ಸೆಕೆಂಡಿಗೆ ಚೆರ್ರಿ ಬ್ಲಾಸಮ್ ಬರುತ್ತೆ, ಮಷೀನಿಗೆ ಕೊಟ್ಟರೆ ಹೊಲಿದೂ ಕೊಡುತ್ತೆ." ಹೌದು. ನಿಮಿಷಕ್ಕೆ 800ಕ್ಕೂ ಹೆಚ್ಚು ಹೊಲಿಗೆ ಹಾಕುವ ಕಂಪ್ಯೂಟರೈಸ್ಡ್ ಮಷೀನ್‌ಗಳಿವೆ, ನಮ್ಮ ಕೈಗೆ ನಿಮಿಷಕ್ಕೆ ಹತ್ತು ಬಂದರೆ ಹೆಚ್ಚು. ಟೀ ಶರ್ಟ್ ಲೋಗೋ ಆದರೆ ಮಷೀನಿಗೇ ಕೊಡಿ, ನಾನೂ ಕೊಡ್ತೀನಿ. ಆದರೆ ಮಷೀನ್ ಕಾರ್ಡನ್ನ ಬದಲಾಯಿಸಿಕೊಂಡರೆ ನಾನು ಕೊಡ್ತಿರೋದಾದರೂ ಏನು? ಒಂದು ಫೈಲು, ಒಂದು ನಿಮಿಷದ ಕರೆಂಟು. ಕೈ ಕಾರ್ಡಿನಲ್ಲಿ ಕೊಡ್ತಿರೋದು ನನ್ನ ಒಂದು ಭಾನುವಾರ ಮಧ್ಯಾಹ್ನ. ತಗೊಂಡವರಿಗೆ ಅದು ಗೊತ್ತಿರುತ್ತೆ, ಯಾಕಂದರೆ ಅವರದ್ದೂ ಒಂದು ಭಾನುವಾರ ಹೋಗಿರುತ್ತೆ.

ನಾಲ್ಕನೆಯದು, ಹುಡುಗರ ಕಡೆಯಿಂದ ಬಂದದ್ದು: "ಇದೆಲ್ಲ ಹುಡುಗೀರ ಕೆಲಸ ಅಲ್ವಾ?" ನಿಮ್ಮ ಅಕ್ಕನ ಮದುವೆ ಬ್ಲೌಸಿನ ಮೇಲಿನ ಆರಿ ವರ್ಕ್, ಜರ್ದೋಸಿ ಯಾರು ಮಾಡಿದ್ದು ಅಂತ ಅಂಗಡಿಯಲ್ಲಿ ವಿಚಾರಿಸಿ. ಆ ಕೆಲಸ ಮಾಡುವವರಲ್ಲಿ ಬಹಳಷ್ಟು ಮಂದಿ ಗಂಡಸರು. ಸೋಲ್ಡರಿಂಗ್ ಐರನ್ ಹಿಡಿದು ಪುಟಾಣಿ ಕಾಲುಗಳನ್ನ ಅಂಟಿಸೋ ಕೈಗೆ ಫ್ರೆಂಚ್ ನಾಟ್ ಬರೋದಿಲ್ಲ ಅನ್ನೋಕೆ ಯಾವ ಕಾರಣವೂ ಇಲ್ಲ.

ಇನ್ನು ಯಾವ ಹೂವು ಅನ್ನೋದು. ಚೆರ್ರಿಯೇ ಆಗಲಿ, ತಪ್ಪೇನಿಲ್ಲ. ಆದರೆ ನಾವು ಯಾರೂ ಆ ಮರದ ಕೆಳಗೆ ನಿಂತವರಲ್ಲ, ಪಿಂಟರೆಸ್ಟ್ ನೋಡಿ ಹೊಲೀತೀವಿ. ಬೆಂಗಳೂರಿನಲ್ಲಿ ಪ್ರತಿ ವರ್ಷ ಜನ ರಸ್ತೆ ಮಧ್ಯೆ ನಿಂತು ರೀಲ್ಸ್ ಮಾಡೋ ಗುಲಾಬಿ ಟಬೆಬುಯಾ ಕೂಡ ಮಧ್ಯ ಅಮೆರಿಕಾ ಕಡೆಯಿಂದ ಬಂದ ಮರ, ಚೆರ್ರಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಅದರ ಹೂವು ತುತ್ತೂರಿ ಆಕಾರದ್ದು. ಕಣ್ಣೆದುರಿಗೆ ಇರೋ ಹೂವು ಹೊಲಿದರೆ ಒಂದು ಲಾಭ ಇದೆ: ದಳ ಹೇಗಿದೆ ಅಂತ ಡೌಟ್ ಬಂದರೆ ಕೆಳಗೆ ಇಳಿದು ಹೋಗಿ ನೋಡಬಹುದು. ಮಾವಿನ ಹೂಗೊಂಚಲಿಗೆ ಹಳದಿ, ತಿಳಿಹಸಿರು ಫ್ರೆಂಚ್ ನಾಟ್‌ಗಳನ್ನ ಒತ್ತೊತ್ತಾಗಿ ಹಾಕಿದರೆ ಸಾಕು. ಎಲೆಯಿಲ್ಲದ ಕೊಂಬೆಯಲ್ಲಿ ಗಿಣಿ ಕೊಕ್ಕಿನ ಥರ ಬಾಗಿದ ಮುತ್ತುಗಕ್ಕೆ ಕಡು ಕಿತ್ತಳೆಯ ಸ್ಯಾಟಿನ್ ಸ್ಟಿಚ್. ಹೊಂಗೆ ಹೂವು ಮರದ ಮೇಲಿಗಿಂತ ನೆಲದ ಮೇಲೇ ಚೆನ್ನ, ಅರಳು ಚೆಲ್ಲಿದ ಹಾಗೆ ಬಿದ್ದಿರುತ್ತೆ. ಪಾರ್ಕಿಂಗ್‌ನಲ್ಲಿ ಯಾವುದೋ ಬೈಕ್ ಸೀಟಿನ ಮೇಲೆ ಬಿದ್ದ ಹೊಂಗೆ ಹೂವನ್ನೇ ಒಂದು ಕಾರ್ಡ್ ಮಾಡಬಹುದು. ಬೇವಿನ ಹೂವು ಇನ್ನೂ ಮಜಾ. ಅದು ಅರಳಿದಾಗ ಒಂದು ಸೆಂಟಿಮೀಟರ್ ಆಸುಪಾಸು ಇರೋದರಿಂದ, ಈ ಪುಟ್ಟ ಕಾರ್ಡಿನಲ್ಲೂ ಅದನ್ನ ಚಿಕ್ಕದು ಮಾಡಬೇಕಾಗಿಲ್ಲ. ಒನ್ ಈಸ್ ಟು ಒನ್ ಸ್ಕೇಲ್. ಐದು ಬಿಳಿ ಲೇಜಿ ಡೇಸಿ, ಮಧ್ಯೆ ಒಂದು ಹಳದಿ ಗಂಟು.

ಈಗ ಪ್ರಪೋಸಲ್. ಈ ಸಲದ ಫೆಸ್ಟ್‌ನಲ್ಲಿ ಕನ್ನಡ ಸಂಘದ ಕಡೆಯಿಂದ ಎರಡು ಮೇಜು ಹಾಕೋಣ.

ಮೊದಲ ಮೇಜು ಬದಲಾವಣೆಯದ್ದು. 64 × 89 ಅಳತೆ, ಕೈಯಲ್ಲೇ ಹೊಲಿದದ್ದು, ವಸಂತದ ಯಾವುದಾದರೂ ಹೂವು. ಹಿಂಬದಿಯಲ್ಲಿ ಕನ್ನಡದಲ್ಲಿ ಹೂವಿನ ಹೆಸರು, ನಿಮ್ಮ ಹೆಸರು, ತಾರೀಕು. ಎಟಿಸಿ ಮಾಡುವವರು ಇದನ್ನೆಲ್ಲ ಹಿಂದೆ ಬರೆಯೋದು ಮೊದಲಿನಿಂದಲೂ ರೂಢಿ. ಒಂದು ಕಾರ್ಡಿಗೆ ಒಂದು ಕಾರ್ಡು. ದುಡ್ಡಿಲ್ಲ, ಕ್ಯೂಆರ್ ಕೋಡ್ ಇಲ್ಲ, ಜಡ್ಜ್ ಇಲ್ಲ, ಫಸ್ಟ್ ಪ್ರೈಜ್ ಇಲ್ಲ, ಸರ್ಟಿಫಿಕೇಟೂ ಇಲ್ಲ. ರೆಸ್ಯೂಮೆಗೆ ಇದರಿಂದ ಏನೂ ಸಿಗಲ್ಲ ಅಂತ ಪೋಸ್ಟರ್‌ನಲ್ಲೇ ಬರೆದುಬಿಡೋಣ. ಸೂಜಿ ಹಿಡಿಯೋಕೆ ಬಾರದವರಿಗೆ ಫೆಸ್ಟ್‌ಗೆ ಎರಡು ವಾರ ಮುಂಚೆ ಸಂಜೆ ಒಂದು ಗಂಟೆ ಕೂತು ಮೂರು ಹೊಲಿಗೆ ಹೇಳಿಕೊಡೋಣ: ಸ್ಟೆಮ್, ಲೇಜಿ ಡೇಸಿ, ಫ್ರೆಂಚ್ ನಾಟ್. ಮೇಲೆ ಹೇಳಿದ ಹೂವುಗಳಲ್ಲಿ ಹೆಚ್ಚಿನವು ಈ ಮೂರರಲ್ಲೇ ಆಗುತ್ತವೆ.

ಎರಡನೇ ಮೇಜು ಮಾರಾಟದ್ದೇ. ಆದರೆ ಅಲ್ಲಿ ಕೂರೋದು ನಾವಲ್ಲ. ಕಸೂತಿಯನ್ನ ಕಸುಬಾಗಿ ಮಾಡುವ ಇಬ್ಬರನ್ನ ಕರೆಯೋಣ, ಸ್ಟಾಲ್ ಬಾಡಿಗೆ ತಗೋಬಾರದು, ಹೋಗಿ ಬರೋ ಖರ್ಚು ಸಂಘವೇ ಕೊಡಬೇಕು. ಬೆಲೆ ಅವರು ಹೇಳಿದ್ದೇ ಫೈನಲ್. ಮೊದಲ ಮೇಜಿನಲ್ಲಿ ಒಂದು ಬೇವಿನ ಹೂವಿಗೆ ಇಡೀ ಮಧ್ಯಾಹ್ನ ಕಳೆದವರು ಎರಡನೇ ಮೇಜಿಗೆ ಹೋಗಿ "40ಕ್ಕೆ ಕೊಡ್ತೀರಾ" ಅಂತ ಕೇಳಲ್ಲ ಅನ್ನೋದು ನನ್ನ ನಂಬಿಕೆ.

ಒಪ್ಪೋರು ಸಂಘದ ಗ್ರೂಪ್‌ನಲ್ಲಿ ಹೆಸರು ಹಾಕಿ. ಒಪ್ಪದವರು ಯಾಕೆ ಅಂತ ಮುಂದಿನ ಸಂಚಿಕೆಗೆ ಬರೀರಿ, ಓದ್ತೀನಿ. ಹೊಂಗೆ ಮರ ಇನ್ನೂ ಹೂ ಬಿಟ್ಟಿಲ್ಲ, ದಾರ ಆರಿಸೋಕೆ ಟೈಮ್ ಇದೆ.